ಸೆರೆಯ ಕಾಲದ ಪ್ರವಾದಿಗಳಲ್ಲಿ ಮೊದಲು ಯಾರನ್ನು ಓದುವುದು?

ಬೈಬಲ್ ಅಧ್ಯಯನದ ಗುಂಪೊಂದು ಸುವಾರ್ತೆಗಳನ್ನೂ ಪೌಲನ ಪತ್ರಿಕೆಗಳನ್ನೂ ಒಂದು ಸುತ್ತು ಓದಿ ಮುಗಿಸಿದ ಮೇಲೆ ಸಾಮಾನ್ಯವಾಗಿ ಪ್ರವಾದಿಗಳ ಕಡೆಗೆ ತಿರುಗುತ್ತದೆ. ಅಲ್ಲಿಗೆ ಬಂದೊಡನೆ ಭಿನ್ನಾಭಿಪ್ರಾಯವೂ ತಲೆದೋರುತ್ತದೆ. ಯುವಕರಿಗೆ ದಾನಿಯೇಲ ಬೇಕು. ಹಿರಿಯರಿಗೆ ಯೆಶಾಯನ ಸಾಂತ್ವನದ ಅಧ್ಯಾಯಗಳು ಬೇಕು. ಸೆಮಿನರಿಯ ಗಾಳಿ ಸೋಕಿದವರು ಯೆಹೆಜ್ಕೇಲನನ್ನು ಬಿಡಬಾರದೆನ್ನುತ್ತಾರೆ. ಯೆರೆಮೀಯನ ಹೆಸರನ್ನು ಎಲ್ಲರೂ ಗೌರವದಿಂದ ಎತ್ತಿ, ಅವನ 52 ಅಧ್ಯಾಯಗಳ ಉದ್ದವನ್ನು ನೋಡಿ ಸುಮ್ಮನಾಗುತ್ತಾರೆ. ಈಚೆಗೆ ಬೇರೆ ಬೇರೆ ಊರುಗಳ ನಾಲ್ಕೈದು ಮಂದಿ ಇದೇ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದರಿಂದ, ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ನಾಲ್ಕು ಗ್ರಂಥಗಳನ್ನೂ ಒಂದೇ ಅಳತೆಗೋಲಿನಿಂದ ಅಳೆದು ಬರೆಯುವುದು ಲೇಸೆಂದು ತೋರಿತು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ನಿಮ್ಮಲ್ಲಿರುವ ಸಮಯಕ್ಕೆ, ತಾಳ್ಮೆಗೆ, ನೀವು ಹೊತ್ತು ಬಂದಿರುವ ಪ್ರಶ್ನೆಗೆ ಯಾವುದು ಮೊದಲು ಹೊಂದುತ್ತದೆ ಎಂಬುದಷ್ಟೇ.

ಆಯ್ಕೆಗೆ ಮುಂಚೆ ನಾಲ್ಕು ಇಸವಿಗಳು ಬಾಯಲ್ಲಿರಬೇಕು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು, ಹದಿಹರೆಯದ ಅರಸ ಯೆಹೋಯಾಖೀನನನ್ನೂ ಅರಮನೆಯವರನ್ನೂ ಕುಶಲಕರ್ಮಿಗಳನ್ನೂ ತನ್ನ ದೇಶಕ್ಕೆ ಸಾಗಿಸಿದನು. 587ರಲ್ಲಿ (586 ಎಂದು ಲೆಕ್ಕಹಾಕುವವರೂ ಇದ್ದಾರೆ) ಯೆಹೂದದ ಅರಸ ಚಿದ್ಕೀಯನ ದಂಗೆಯನ್ನು ಅಡಗಿಸಿ ಪಟ್ಟಣವನ್ನೂ ದೇವಾಲಯವನ್ನೂ ಸುಡಿಸಿದನು. 539ರಲ್ಲಿ ಪಾರಸಿಯ ಅರಸನಾದ ಕೋರೆಷನ ಸೈನ್ಯ ಬಾಬೆಲನ್ನು ಪ್ರವೇಶಿಸಿತು. 515ರ ಹೊತ್ತಿಗೆ ಯೆರೂಸಲೇಮಿನಲ್ಲಿ ಎರಡನೆಯ ದೇವಾಲಯದ ಕಟ್ಟಡ ಮುಗಿಯಿತು. ಈ ನಾಲ್ಕು ಗೂಟಗಳ ನಡುವೆ ಹಗ್ಗ ಕಟ್ಟಿಕೊಂಡರೆ ಯಾವ ಮಾತು ಯಾರಿಗೆ, ಯಾವಾಗ ಹೇಳಿದ್ದು ಎಂಬ ಗೊಂದಲದ ಮುಕ್ಕಾಲು ಪಾಲು ತೀರುತ್ತದೆ.

ಇನ್ನೊಂದು ಎಚ್ಚರಿಕೆ ನಮ್ಮ ಭಾಷೆಗೇ ಸಂಬಂಧಿಸಿದ್ದು. ಕನ್ನಡ ಬೈಬಲ್ ಬಳಸುವ ‘ಸೆರೆ’ ಎಂಬ ಮಾತನ್ನು ಕೇಳಿದೊಡನೆ ಕಂಬಿಗಳ ಹಿಂದಿನ ಕೈದಿಯ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಯೆಹೂದದವರಲ್ಲಿ ಹೆಚ್ಚಿನವರ ಪಾಡು ಹಾಗಿರಲಿಲ್ಲ. ಅವರನ್ನು ಕಾಲುವೆಗಳ ಬದಿಯಲ್ಲಿ, ಹಾಳುಬಿದ್ದ ಭೂಮಿಯಲ್ಲಿ ನೆಲೆಗೊಳಿಸಿ ದುಡಿಸಲಾಯಿತು. ಅವರು ಹೊಲ ಗುತ್ತಿಗೆ ಹಿಡಿದರು, ತೆರಿಗೆ ತೆತ್ತರು, ಸಾಲಪತ್ರ ಬರೆಸಿಕೊಂಡರು. ಬಾಬೆಲಿನ ಸೀಮೆಯಲ್ಲಿ ‘ಯೆಹೂದದ ಪಟ್ಟಣ’ ಎಂಬ ಅರ್ಥದ ಹೆಸರಿದ್ದ ಊರೊಂದರ ಜೇಡಿಮಣ್ಣಿನ ಪತ್ರಗಳು ಇದಕ್ಕೆ ಸಾಕ್ಷಿಯಾಗಿವೆ. ಅರಸನು ಮಾತ್ರ ನಿಜವಾಗಿ ಹಿಡಿತದಲ್ಲಿದ್ದವನು. 1939ರಲ್ಲಿ ಪ್ರಕಟವಾದ ಬಾಬೆಲಿನ ಪಡಿಲೆಕ್ಕದ ಹಲಗೆಗಳಲ್ಲಿ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಉಲ್ಲೇಖವಿದೆ. ಒಯ್ದವರ ಸಂಖ್ಯೆಯೂ ನಾವು ಊಹಿಸುವಷ್ಟು ದೊಡ್ಡದಲ್ಲ: ಯೆರೆಮೀಯನ 52ನೆಯ ಅಧ್ಯಾಯ ಮೂರು ಕಂತುಗಳಲ್ಲಿ 3,023, 832, 745 ಎಂದು ಎಣಿಸಿ ಒಟ್ಟು 4,600 ಎನ್ನುತ್ತದೆ, ಅರಸುಗಳ ಎರಡನೆಯ ಗ್ರಂಥ ಮೊದಲನೆಯ ಕಂತಿಗೇ ಹತ್ತು ಸಾವಿರ ಎನ್ನುತ್ತದೆ. ಯಾವ ಲೆಕ್ಕವನ್ನು ಹಿಡಿದರೂ ದೇಶ ಬರಿದಾಗಲಿಲ್ಲ. ಆದ್ದರಿಂದ ‘ಸೆರೆ’ ಎಂದು ಓದುವಾಗ ಗಡೀಪಾರು, ಒಕ್ಕಲೆಬ್ಬಿಸುವಿಕೆ ಎಂಬ ಅರ್ಥಗಳನ್ನೂ ಜೊತೆಗಿಟ್ಟುಕೊಳ್ಳಬೇಕು. ದೇವಾಲಯವಿಲ್ಲದೆ, ಅರಸನಿಲ್ಲದೆ, ವಾಗ್ದತ್ತ ದೇಶವಿಲ್ಲದೆ ದೇವರು ದೇವರಾಗಿ ಉಳಿಯುವುದು ಹೇಗೆ ಎಂಬ ಪ್ರಶ್ನೆಯನ್ನೇ ಈ ನಾಲ್ವರೂ ನಾಲ್ಕು ದಿಕ್ಕಿನಿಂದ ಎದುರಿಸುತ್ತಾರೆ.

ಅಳತೆಗೋಲುಗಳು

ನಾನು ಐದು ಸಂಗತಿಗಳನ್ನು ನೋಡುತ್ತೇನೆ. ಗ್ರಂಥವು ಆ ದುರಂತಕ್ಕೆ ಎಷ್ಟು ಹತ್ತಿರದಲ್ಲಿ ನಿಂತು ಮಾತಾಡುತ್ತದೆ ಎಂಬುದು ಮೊದಲನೆಯದು. ಓದಿ ಮುಗಿಸಲು ಬೇಕಾದ ವಾರಗಳೆಷ್ಟು ಎಂಬುದು ಎರಡನೆಯದು. ಇದನ್ನು ಪ್ರಾಮಾಣಿಕವಾಗಿ ಎಣಿಸದ ಗುಂಪುಗಳೇ ನಡುದಾರಿಯಲ್ಲಿ ನಿಲ್ಲುತ್ತವೆ. ಓದುಗನಿಗೆ ಮೊದಲೇ ಎಷ್ಟು ಹಿನ್ನೆಲೆ ತಿಳಿದಿರಬೇಕು ಎಂಬುದು ಮೂರನೆಯದು. ಹೊಸ ಒಡಂಬಡಿಕೆಗೆ ಅಲ್ಲಿಂದ ಹೋಗುವ ದಾರಿ ಎಂಥದ್ದು, ನೇರ ಉಲ್ಲೇಖವೋ ಚಿತ್ರಗಳ ಮೂಲಕವೋ ಒಂದು ಬಿರುದಿನ ಮೂಲಕವೋ ಎಂಬುದು ನಾಲ್ಕನೆಯದು. ಕಾಲು ಎಲ್ಲಿ ಎಡವುತ್ತದೆ ಎಂಬುದು ಐದನೆಯದು.

ನಾಲ್ಕನೆಯ ಅಳತೆಗೋಲಿನ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕ್ರೈಸ್ತ ದೃಷ್ಟಿಯಿಂದ ಪ್ರವಾದಿಗಳನ್ನು ಓದುವುದೆಂದರೆ ಪ್ರತಿ ಪುಟದಲ್ಲೂ ಯೇಸುವಿನ ಹೆಸರನ್ನು ಹುಡುಕುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಓದನ್ನು ಬಡವಾಗಿಸುತ್ತದೆ. ಈ ಮಾತುಗಳು ಮೊದಲು ನೆಲೆಗೆಟ್ಟ ಯೆಹೂದ್ಯರಿಗೆ ಹೇಳಿದವು, ಇಂದಿಗೂ ಯೆಹೂದ್ಯರ ಪವಿತ್ರಗ್ರಂಥವಾಗಿರುವವು. ಆ ಮೊದಲ ಕೇಳುಗರ ನಷ್ಟವನ್ನು ಒಂದು ಸಲ ಪೂರ್ತಿಯಾಗಿ ಕೇಳಿಸಿಕೊಂಡವನಿಗೆ, ಸುವಾರ್ತಿಕರು ಅದೇ ಮಾತುಗಳನ್ನು ಯಾಕೆ ಎತ್ತಿಕೊಂಡರು ಎಂಬುದು ಎರಡನೆಯ ಓದಿನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಈ ಎರಡು ಓದುಗಳಿಗೂ ಜಾಗವಿರುವ ಗ್ರಂಥವನ್ನು ಮೊದಲು ಆರಿಸಿಕೊಳ್ಳಬೇಕು ಎಂಬುದೇ ನನ್ನ ಪಕ್ಷಪಾತ. ಅದನ್ನು ಬಚ್ಚಿಡುವುದಿಲ್ಲ.

ಯೆರೆಮೀಯ

ದುರಂತಕ್ಕೆ ಹತ್ತಿರ ಎಂಬ ಅಳತೆಯಲ್ಲಿ ಇವನನ್ನು ಮೀರಿಸುವವರಿಲ್ಲ. ಅನಾತೋತಿನ ಯಾಜಕರ ಮನೆತನದ ಇವನು ಯೋಷೀಯನ ಆಳಿಕೆಯ 13ನೆಯ ವರ್ಷದಿಂದ, ಎಂದರೆ ಸುಮಾರು ಕ್ರಿ.ಪೂ. 627ರಿಂದ, ಪಟ್ಟಣ ಬೀಳುವವರೆಗೂ ಅದರ ನಂತರವೂ ಮಾತಾಡಿದನು. ಕೊನೆಗೆ ತನ್ನ ಇಷ್ಟಕ್ಕೆ ವಿರುದ್ಧವಾಗಿ ಐಗುಪ್ತಕ್ಕೆ ಒಯ್ಯಲ್ಪಟ್ಟನು. ಅವನು ಬಾಬೆಲಿಗೆ ಸೆರೆಹೋದವನಲ್ಲ, ಆದರೆ ಸೆರೆಹೋದವರಿಗೆ ಪತ್ರ ಬರೆದವನು. 29ನೆಯ ಅಧ್ಯಾಯದ ಆ ಪತ್ರದಲ್ಲಿ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಹೇಳಿಸುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಮರಳಿ ಬರುತ್ತದೆ ಎಂದು ಸಾರಿದ ಹನನ್ಯನೆಂಬ ಪ್ರವಾದಿಯ ಮಾತು ಕೇಳಲು ಸಿಹಿಯಾಗಿತ್ತು. ಎಪ್ಪತ್ತು ವರ್ಷ ಎಂದ ಯೆರೆಮೀಯನ ಮಾತು ಕಹಿಯಾಗಿತ್ತು.

ಅದೇ ಪತ್ರದ 11ನೆಯ ವಚನ ಇಂದು ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ ನೇತಾಡುತ್ತಿದೆ: ನಿಮಗೆ ಹಿತವಾಗುವ ಆಲೋಚನೆಗಳೇ ಹೊರತು ಕೇಡಿನವಲ್ಲ ಎಂಬ ಭರವಸೆ. ಪರೀಕ್ಷೆಗೂ ನೌಕರಿಗೂ ಹೊರಟ ಒಬ್ಬೊಬ್ಬರೂ ಅದನ್ನು ತಮಗೆಂದೇ ಓದಿಕೊಳ್ಳುತ್ತಾರೆ. ಇಲ್ಲಿ ಕನ್ನಡದ ಓದುಗನಿಗೆ ಇಂಗ್ಲಿಷಿನವನಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಬೈಬಲಿನಲ್ಲಿ ದೇವರು ಒಬ್ಬನೊಡನೆ ಮಾತಾಡುವಾಗ ‘ನೀನು’ ಎನ್ನುತ್ತಾನೆ. ಇಲ್ಲಿ ‘ನೀವು’ ಎಂದಿರುವುದರಿಂದ ಅದು ಗೌರವದ ಬಹುವಚನವಲ್ಲ, ಇಡೀ ಸಮುದಾಯವನ್ನು ಕುರಿತದ್ದು ಎಂದು ಥಟ್ಟನೆ ಗೊತ್ತಾಗುತ್ತದೆ. ಹಿಂದಿನ ವಚನದ ಎಪ್ಪತ್ತು ವರ್ಷಗಳನ್ನು ಕೂಡಿಸಿ ಓದಿದರೆ, ಆ ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಬಾಬೆಲಿನ ಮಣ್ಣಿನಲ್ಲೇ ಹೂಳಲ್ಪಡುವವರೆಂಬುದೂ ತಿಳಿಯುತ್ತದೆ. ದುಬೈಯಲ್ಲೋ ಮಸ್ಕತ್ತಿನಲ್ಲೋ ಇಪ್ಪತ್ತು ವರ್ಷ ದುಡಿದರೂ ಊರಿನ ಮನೆಯನ್ನೇ ಮನೆಯೆಂದುಕೊಂಡಿರುವ ನಮ್ಮ ಸಭೆಯವರು ಈ ಅಧ್ಯಾಯವನ್ನು ಬೇರೆಯದೇ ಕಿವಿಯಿಂದ ಕೇಳುತ್ತಾರೆ. ಆದರೂ ಸ್ವಇಚ್ಛೆಯಿಂದ ಹೋದವನಿಗೂ ಕೈಕಟ್ಟಿ ಒಯ್ದವನಿಗೂ ಇರುವ ಅಂತರವನ್ನು ಗುಂಪಿನಲ್ಲಿ ಯಾರಾದರೂ ನೆನಪಿಸುತ್ತಿರಬೇಕು.

ಹೊಸ ಒಡಂಬಡಿಕೆಗೆ ಇಲ್ಲಿಂದ ಹೋಗುವ ದಾರಿ ರಾಜಮಾರ್ಗ. ಆ ಸಂಪುಟದ ಹೆಸರೇ 31ನೆಯ ಅಧ್ಯಾಯದ 31ನೆಯ ವಚನದಿಂದ ಬಂದದ್ದು. ನಿಯಮಗಳನ್ನು ಕಲ್ಲಿನ ಮೇಲಲ್ಲದೆ ಹೃದಯದ ಮೇಲೆ ಬರೆಯುವ ಆ ಭಾಗವನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯ ಉದ್ಧರಿಸುತ್ತದೆ. ಹೊಸ ಒಡಂಬಡಿಕೆಯಲ್ಲಿ ಹಳೆಯದರಿಂದ ಎತ್ತಿಕೊಂಡ ಉಲ್ಲೇಖಗಳಲ್ಲಿ ಅದೇ ಅತಿ ಉದ್ದವಾದದ್ದು. ದೇವಾಲಯವನ್ನು ಕಳ್ಳರ ಗವಿ ಮಾಡಿದಿರೆಂಬ ಯೇಸುವಿನ ಮಾತು 7ನೆಯ ಅಧ್ಯಾಯದ್ದು. ಮತ್ತಾಯನು ಬೇತ್ಲೆಹೇಮಿನ ಮಕ್ಕಳ ಕೊಲೆಯ ಬಳಿ ನೆನೆಯುವ ರಾಹೇಲಳ ಗೋಳು 31ನೆಯದು. ಆದರೂ ಮೂಲದಲ್ಲಿ ಆ ಹೊಸ ಒಡಂಬಡಿಕೆ ಇಸ್ರಾಯೇಲ್ ವಂಶದೊಡನೆಯೂ ಯೆಹೂದ ವಂಶದೊಡನೆಯೂ ಆಗುವಂಥದು ಎಂಬ ಮಾತನ್ನು ಬಿಟ್ಟು ಓದಬಾರದು. ಅದನ್ನು ಬಿಟ್ಟವರೇ ಯೆಹೂದ್ಯರನ್ನು ದೇವರು ಕೈಬಿಟ್ಟನೆಂಬ ಕೆಟ್ಟ ತೀರ್ಮಾನಕ್ಕೆ ಬಂದದ್ದು.

ತೊಡಕುಗಳು ಎರಡು. ಒಂದು, ಗ್ರಂಥ ಕಾಲಾನುಕ್ರಮದಲ್ಲಿಲ್ಲ. ಒಂದು ಅಧ್ಯಾಯ ಚಿದ್ಕೀಯನ ಕಾಲದಲ್ಲಿದ್ದರೆ ಮುಂದಿನದು ಯೆಹೋಯಾಖೀನನ ತಂದೆ ಯೆಹೋಯಾಕೀಮನ ಕಾಲಕ್ಕೆ ಹಿಂದಿರುಗುತ್ತದೆ. ಗ್ರೀಕ್ ಅನುವಾದದ ಯೆರೆಮೀಯನು ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೆಯ ಒಂದು ಪಾಲು ಚಿಕ್ಕವನು, ಅಧ್ಯಾಯಗಳ ಜೋಡಣೆಯೂ ಬೇರೆ. ಆ ಚಿಕ್ಕ ರೂಪಕ್ಕೆ ಹೊಂದುವ ಹೀಬ್ರೂ ತುಣುಕುಗಳು ಮೃತಸಮುದ್ರದ ದಡದ ಕುಮ್ರಾನಿನ ಗವಿಯಲ್ಲಿ ಸಿಕ್ಕಿವೆ. ಅರಸ ಯೆಹೋಯಾಕೀಮನು ಚಳಿಗೆ ಕಾಯಿಸಿಕೊಳ್ಳುತ್ತ ಸುರುಳಿಯನ್ನು ಕತ್ತರಿಸಿ ಬೆಂಕಿಗೆ ಹಾಕಿದ, ಯೆರೆಮೀಯನ ಲಿಪಿಕಾರ ಬಾರೂಕನು ಮತ್ತೆ ಬರೆದ, ಇನ್ನೂ ಅನೇಕ ಮಾತುಗಳು ಸೇರಿದವು ಎಂದು 36ನೆಯ ಅಧ್ಯಾಯವೇ ಹೇಳುವಾಗ ಇದರಿಂದ ಬೆಚ್ಚಬೇಕಾದುದಿಲ್ಲ. ಎರಡನೆಯ ತೊಡಕು ಉದ್ದ. ಪೂರ್ತಿ ಓದಿಗೆ ಆರು ತಿಂಗಳು ಬೇಕು. ಮೂರು ತಿಂಗಳಷ್ಟೇ ಇದ್ದರೆ 1, 7, 18, 20, 27ರಿಂದ 33, 36ರಿಂದ 39, ಆಮೇಲೆ 42ರಿಂದ 44 ಎಂದು ಆರಿಸಿಕೊಳ್ಳಿ. 20ನೆಯದನ್ನು ಮಾತ್ರ ಬಿಡಬೇಡಿ. ತಾನು ಹುಟ್ಟಿದ ದಿನವನ್ನು ಶಪಿಸುವ ಪ್ರವಾದಿಯನ್ನು ಕಂಡ ಮೇಲೆ, ಪ್ರಾರ್ಥನೆಯಲ್ಲಿ ಸಭ್ಯವಾಗಿರಬೇಕೆಂದು ನಂಬಿದ್ದ ನಮ್ಮ ಗುಂಪಿನ ಇಬ್ಬರು ಹಿರಿಯರು ಮೊದಲ ಸಲ ಬಾಯಿಬಿಟ್ಟು ಪ್ರಾರ್ಥಿಸಿದರು.

ಯೆಶಾಯ 40ರಿಂದ 55

ಸಮಯ ಕಡಿಮೆಯಿರುವವರಿಗೆ ಇದು ಸರಿಯಾದ ಆಯ್ಕೆ: 16 ಅಧ್ಯಾಯಗಳು, ವಾರಕ್ಕೆ ಎರಡರಂತೆ ಎಂಟು ವಾರ. ಸಂತೈಸಿರಿ, ಸಂತೈಸಿರಿ ಎಂದು ತೆರೆದುಕೊಳ್ಳುವ ಈ ಭಾಗ ಸೆರೆಯ ಕೊನೆಗಾಲದ್ದು. ಯೆರೂಸಲೇಮಿನ ಶಿಕ್ಷೆ ತೀರಿತೆಂದೂ ಅರಣ್ಯದಲ್ಲಿ ದಾರಿ ಸಿದ್ಧವಾಗಬೇಕೆಂದೂ ಅದು ಸಾರುತ್ತದೆ. ಕೋರೆಷನ ಹೆಸರು ನೇರವಾಗಿ ಬರುತ್ತದೆ. 45ನೆಯ ಅಧ್ಯಾಯದ ಮೊದಲ ವಚನದಲ್ಲಿ ಅವನನ್ನು ಯೆಹೋವನ ‘ಅಭಿಷಿಕ್ತ’ ಎಂದು ಕರೆದಿದೆ. ‘ಮೆಸ್ಸೀಯ’ ಮತ್ತು ‘ಕ್ರಿಸ್ತ’ ಎಂಬ ಮಾತುಗಳ ಅರ್ಥವೂ ಅದೇ ಎಂಬುದನ್ನು ನೆನೆದರೆ, ಇಸ್ರಾಯೇಲಿನ ದೇವರನ್ನು ಅರಿಯದ ಪಾರಸಿಯ ದೊರೆಗೆ ಆ ಬಿರುದನ್ನು ಕೊಟ್ಟದ್ದು ಮೊದಲ ಕೇಳುಗರಿಗೆ ಎಷ್ಟು ಬಿರುಸಾಗಿ ತಾಕಿರಬೇಕೆಂದು ಊಹಿಸಬಹುದು. 1879ರಲ್ಲಿ ಬಾಬೆಲಿನ ಅವಶೇಷಗಳಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕೋರೆಷನ ಮಣ್ಣಿನ ಉರುಳೆಯಾದರೋ ಅವನನ್ನು ಆರಿಸಿದವನು ಬಾಬೆಲಿನ ದೇವತೆ ಮರ್ದೂಕನೆನ್ನುತ್ತದೆ, ಯೆಹೂದದವರ ಹೆಸರನ್ನೇ ಎತ್ತುವುದಿಲ್ಲ. ಒಂದೇ ಘಟನೆಯನ್ನು ಗೆದ್ದವನ ಅರಮನೆಯಿಂದಲೂ ಸೋತವರ ಗುಡಿಸಲಿನಿಂದಲೂ ಓದುವ ಅವಕಾಶ ಇಲ್ಲಿದೆ.

ಇದನ್ನು ಬರೆದವರು ಯಾರೆಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕ್ರಿ.ಪೂ. ಎಂಟನೆಯ ಶತಮಾನದ ಯೆಶಾಯನೇ ಮುಂಗಂಡು ನುಡಿದನೆಂಬುದು ಸಂಪ್ರದಾಯ. ಸೆರೆಯ ಕಾಲದ ಹೆಸರಿಲ್ಲದ ಪ್ರವಾದಿಯೊಬ್ಬನ ವಾಣಿಯೆಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಮತ. 1947ರಲ್ಲಿ ಕುಮ್ರಾನಿನಲ್ಲಿ ದೊರೆತ, ಏಳು ಮೀಟರಿಗೂ ಉದ್ದವಾದ ಯೆಶಾಯನ ಸುರುಳಿಯಲ್ಲಿ 40ನೆಯ ಅಧ್ಯಾಯ ಒಂದು ಅಂಕಣದ ಕೊನೆಯ ಸಾಲಿನಲ್ಲೇ ಶುರುವಾಗುವುದನ್ನು ಒಂದು ಪಕ್ಷದವರು ತೋರಿಸುತ್ತಾರೆ. ಆದರೆ ಆ ಸುರುಳಿ ಕೋರೆಷನಿಗಿಂತ ನಾಲ್ಕು ಶತಮಾನದಷ್ಟು ಈಚಿನದಾದ್ದರಿಂದ ಅದು ಈ ವಿವಾದವನ್ನು ತೀರಿಸಲಾರದು. ಗುಂಪಿನಲ್ಲಿ ಎರಡೂ ಮತದವರಿದ್ದರೆ ಒಂದು ಸಂಜೆ ಅದಕ್ಕೆ ಮೀಸಲಿಟ್ಟು ಮುಂದೆ ಹೋಗಿ. ಯಾವ ಪಕ್ಷ ಹಿಡಿದರೂ ಈ ಮಾತುಗಳ ಗುರಿ ಬಾಬೆಲಿನಲ್ಲಿ ಬೇರುಬಿಟ್ಟು ಆಸೆಗುಂದಿದ ಜನರೇ.

ಕ್ರೈಸ್ತ ಓದಿಗೆ ಇದಕ್ಕಿಂತ ಸಮೃದ್ಧವಾದ ನೆಲ ಹಳೆಯ ಒಡಂಬಡಿಕೆಯಲ್ಲಿ ಅಪರೂಪ. ಅರಣ್ಯದಲ್ಲಿ ಕೂಗುವವನ ಶಬ್ದ ನಾಲ್ಕೂ ಸುವಾರ್ತೆಗಳಲ್ಲಿ ಕೇಳಿಸುತ್ತದೆ. ಯೆಹೋವನ ಸೇವಕನ ನಾಲ್ಕು ಹಾಡುಗಳು ಎಂದು 1892ರಲ್ಲಿ ಬರ್ನ್‌ಹಾರ್ಡ್ ಡೂಮ್ ಎಂಬ ವಿದ್ವಾಂಸನು ಗುರುತಿಸಿದ ಭಾಗಗಳಲ್ಲಿ ಕೊನೆಯದಾದ 52:13ರಿಂದ 53:12ರ ಹಾಡನ್ನು ಶುಭಶುಕ್ರವಾರ ಕೇಳದ ಕ್ರೈಸ್ತನಿಲ್ಲ. ಅಪಾಯವೂ ಈ ಸಮೃದ್ಧಿಯಲ್ಲೇ ಇದೆ: ಕಿವಿ ಎಷ್ಟು ಪಳಗಿದೆಯೆಂದರೆ ಹಾಡು ಶುರುವಾಗುವ ಮೊದಲೇ ಅರ್ಥ ಸಿದ್ಧವಾಗಿರುತ್ತದೆ. 49:3ರಲ್ಲಿ ಸೇವಕನನ್ನು ಇಸ್ರಾಯೇಲ್ ಎಂದೇ ಕರೆದಿದೆ. ಮಧ್ಯಯುಗದ ರಾಶಿ ಎಂಬವನಂಥ ಯೆಹೂದ್ಯ ವ್ಯಾಖ್ಯಾನಕಾರರು 53ನೆಯ ಅಧ್ಯಾಯವನ್ನೂ ನೊಂದ ಇಸ್ರಾಯೇಲೆಂದೇ ಓದಿದರು. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ರಥದಲ್ಲಿ ಕೂತು ಇದನ್ನೇ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಪ್ರವಾದಿ ಯಾರ ವಿಷಯದಲ್ಲಿ ಹೀಗೆ ಹೇಳಿದ್ದಾನೆ, ತನ್ನ ವಿಷಯದಲ್ಲೋ ಮತ್ತೊಬ್ಬನ ವಿಷಯದಲ್ಲೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಫಿಲಿಪ್ಪನ ಉತ್ತರವನ್ನು ನಾನೂ ನಂಬುತ್ತೇನೆ. ಆದರೆ ಆ ಪ್ರಶ್ನೆಯನ್ನು ಕೇಳದೆ ಉತ್ತರಕ್ಕೆ ಹಾರುವ ಗುಂಪಿಗೆ ಈ ಹಾಡುಗಳಿಂದ ಹೊಸದೇನೂ ಸಿಗದು.

ಭಾರತದ ಕ್ರೈಸ್ತರು ಇಲ್ಲಿ ಇನ್ನೊಂದು ಕಡೆ ಎಡವುತ್ತಾರೆ. 44ನೆಯ ಅಧ್ಯಾಯದಲ್ಲಿ ಒಂದೇ ಮರದ ಅರ್ಧವನ್ನು ಅಡಿಗೆಗೆ ಉರಿಸಿ ಉಳಿದರ್ಧವನ್ನು ದೇವರಾಗಿ ಕೆತ್ತುವವನ ಲೇವಡಿಯಿದೆ. 46ರಲ್ಲಿ ಬೇಲ್ ಮತ್ತು ನೆಬೋ ಎಂಬ ಬಾಬೆಲಿನ ದೇವತೆಗಳು ದಣಿದ ಪಶುಗಳ ಮೇಲೆ ಹೊರೆಯಾಗಿ ಕೂತಿರುವ ಚಿತ್ರವಿದೆ. ಅದು ಸಾಮ್ರಾಜ್ಯದ ದೇವತೆಗಳನ್ನು ಕಂಡು ಅದರ ಕಾಲಡಿಯಲ್ಲಿದ್ದವರು ನಕ್ಕ ನಗು. ಆ ನಗೆಯ ಗುರಿ ಸೋತ ತಮ್ಮವರಲ್ಲಿ ಧೈರ್ಯ ತುಂಬುವುದು. ಅದನ್ನೇ ಕಿತ್ತು ಪಕ್ಕದ ಮನೆಯವರ ಪೂಜೆಯ ಮೇಲೆ ಎಸೆದರೆ ಮಾತು ಉಳಿಯುತ್ತದೆ, ಅರ್ಥ ತಿರುಗುಮುರುಗಾಗುತ್ತದೆ. ಗುಂಪನ್ನು ನಡೆಸುವವರಿಗೆ ಈ ಎರಡು ಅಧ್ಯಾಯಗಳಿಗೆ ಹೆಚ್ಚಿನ ಸಿದ್ಧತೆ ಬೇಕು.

ಯೆಹೆಜ್ಕೇಲ

ನಾಲ್ವರಲ್ಲಿ ಸೆರೆಯ ನೆಲದ ಮೇಲೆ ನಿಂತೇ ಪ್ರವಾದಿಯಾಗಿ ಕರೆಯಲ್ಪಟ್ಟವನೆಂದು ನಿಸ್ಸಂದೇಹವಾಗಿ ಹೇಳಬಹುದಾದವನು ಇವನೊಬ್ಬನೇ. 597ರ ಕಂತಿನಲ್ಲಿ ಬಂದ ಯಾಜಕ. 593ರಲ್ಲಿ ಕೆಬಾರ್ ಕಾಲುವೆಯ ಬಳಿ ದರ್ಶನ ಕಂಡನು. ತನ್ನ ಮಾತುಗಳಿಗೆ ಯೆಹೋಯಾಖೀನನ ಗಡೀಪಾರಿನಿಂದ ಎಣಿಸಿದ ತಾರೀಕುಗಳನ್ನು ಕೊಡುವುದು ಅವನ ಅಭ್ಯಾಸ, ಕೊನೆಯದು 571ರದ್ದು. ಆದ್ದರಿಂದ ಯೆರೆಮೀಯನಲ್ಲಿ ಕಾಲದ ಸಿಕ್ಕಿಗೆ ಬೇಸತ್ತವರಿಗೆ ಇಲ್ಲಿ ನೆಮ್ಮದಿ. ಜೋಡಣೆಯೂ ಸ್ಪಷ್ಟ: 24ರವರೆಗೆ ತೀರ್ಪು, 32ರವರೆಗೆ ಅನ್ಯಜನಾಂಗಗಳು, ಅಲ್ಲಿಂದ ಮುಂದೆ ಪುನರುಜ್ಜೀವನ.

ಆದರೂ ಇವನು ಸುಲಭದವನಲ್ಲ. ನಮ್ಮ ಗುಂಪು ಒಮ್ಮೆ ಒಂದನೆಯ ಅಧ್ಯಾಯದಿಂದ ಬಹಳ ಹುರುಪಿನಲ್ಲಿ ಹೊರಟು 16ನೆಯದರಲ್ಲಿ ನಿಂತುಹೋಯಿತು. ಯೆರೂಸಲೇಮನ್ನು ವ್ಯಭಿಚಾರಿಣಿಯಾಗಿ ಚಿತ್ರಿಸಿ ಶಿಕ್ಷಿಸುವ ಆ ಅಧ್ಯಾಯವನ್ನೂ 23ನೆಯದನ್ನೂ ಹೆಂಗಸರೂ ಮಕ್ಕಳೂ ಕೂತ ಕೋಣೆಯಲ್ಲಿ ಗಟ್ಟಿಯಾಗಿ ಓದುವುದು ಯಾರಿಗೂ ಸಾಧ್ಯವಾಗಲಿಲ್ಲ. ಮನೆಯಲ್ಲಿ ಏಟು ತಿಂದ ಹೆಣ್ಣಿಗೆ ಅದು ಹೇಗೆ ಕೇಳಿಸುತ್ತದೆಂಬ ಪ್ರಶ್ನೆಯನ್ನು ದೂಡಿ ಮುಂದೆ ಹೋಗುವುದು ಸರಿಯೂ ಅಲ್ಲ. ಈ ಮುಜುಗರ ನಮ್ಮ ಕಾಲದ್ದಷ್ಟೇ ಅಲ್ಲ. 16ನೆಯ ಅಧ್ಯಾಯವನ್ನು ಸಭಾಮಂದಿರದ ಪಾಠವಾಗಿ ಓದಬಾರದೆಂದು ರಬ್ಬಿ ಎಲಿಯೇಜರನ ಮತವಿತ್ತೆಂದು ಯೆಹೂದ್ಯರ ಹಳೆಯ ನಿಯಮಸಂಗ್ರಹವಾದ ಮಿಷ್ನಾ ಹೇಳುತ್ತದೆ. ಈ ಗ್ರಂಥದ ಮಾತುಗಳು ಧರ್ಮಶಾಸ್ತ್ರಕ್ಕೆ ವಿರುದ್ಧವಾಗಿ ತೋರುತ್ತವೆಂಬ ಆಕ್ಷೇಪ ಬಂದಾಗ, ರಬ್ಬಿಯೊಬ್ಬನು ಮುನ್ನೂರು ಗಡಿಗೆ ದೀಪದೆಣ್ಣೆ ಮಾಳಿಗೆಗೆ ಏರಿಸಿಕೊಂಡು ಕೂತು ಎಲ್ಲವನ್ನೂ ಹೊಂದಿಸಿದನೆಂದು, ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಕಥೆ. ಮೂವತ್ತು ತುಂಬದವರು ಇದರ ಮೊದಲನ್ನೂ ಕೊನೆಯನ್ನೂ ಓದಬಾರದೆಂಬ ಯೆಹೂದ್ಯರ ಪದ್ಧತಿಯನ್ನು, ಬೈಬಲನ್ನು ಲತೀನಿಗೆ ಅನುವಾದಿಸಿದ ಜೆರೋಮನು ದಾಖಲಿಸಿದ್ದಾನೆ.

ಹಿನ್ನೆಲೆಯೂ ಹೆಚ್ಚು ಬೇಕು. ಶುದ್ಧಿ, ಅಶುದ್ಧಿ, ಯೆಹೋವನ ತೇಜಸ್ಸು, ದೇವಾಲಯದ ಅಂಗಳಗಳು ಇವೆಲ್ಲ ಯಾಜಕನ ಶಬ್ದಭಂಡಾರ. ಯಾಜಕಕಾಂಡವನ್ನು ಒಮ್ಮೆಯಾದರೂ ಓದಿರದವನಿಗೆ, ತೇಜಸ್ಸು 10 ಮತ್ತು 11ನೆಯ ಅಧ್ಯಾಯಗಳಲ್ಲಿ ದೇವಾಲಯದಿಂದ ಮೆಟ್ಟಿಲು ಮೆಟ್ಟಿಲಾಗಿ ಹೊರಟುಹೋಗುವುದರ ಭಯ ಮುಟ್ಟುವುದಿಲ್ಲ. ಮುಟ್ಟಿದವನಿಗೆ ಅದು 43ರಲ್ಲಿ ಹಿಂತಿರುಗುವುದು ಎಂಥ ಸಂಗತಿಯೆಂದು ತಿಳಿಯುತ್ತದೆ. ಇವನ ದೊಡ್ಡ ಕೊಡುಗೆ ಇರುವುದು ಇಲ್ಲೇ: ದೇವಾಲಯ ಸುಡುವ ಮೊದಲೇ ದೇವರು ಚಕ್ರಗಳುಳ್ಳ ಸಿಂಹಾಸನದ ಮೇಲೆ ಬಾಬೆಲಿನ ಕಾಲುವೆಯ ಬದಿಗೆ ಬಂದಾಗಿತ್ತು.

ಹೊಸ ಒಡಂಬಡಿಕೆ ಯೆಹೆಜ್ಕೇಲನನ್ನು ಹೆಸರು ಹಿಡಿದು ಎಲ್ಲಿಯೂ ಕರೆಯುವುದಿಲ್ಲ. ಅವನ ಚಿತ್ರಗಳಲ್ಲಿ ಮುಳುಗಿ ಎದ್ದಿದೆ. 34ರ ಕೆಟ್ಟ ಕುರುಬರನ್ನು ಓದಿದ ಮೇಲೆ ಯೋಹಾನನ 10ನೆಯ ಅಧ್ಯಾಯದ ಒಳ್ಳೆಯ ಕುರುಬನು ಬೇರೆಯಾಗಿ ಕಾಣುತ್ತಾನೆ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ 36, ಒಣಗಿದ ಎಲುಬುಗಳ 37, ಹರಿದಷ್ಟೂ ಆಳವಾಗುವ ನದಿಯ 47 ಇಲ್ಲದೆ ಪ್ರಕಟನೆಯ ಕೊನೆಯ ಅಧ್ಯಾಯಗಳನ್ನು ಕಲ್ಪಿಸುವುದೂ ಕಷ್ಟ. ಎಲುಬುಗಳ ಕಣಿವೆಯನ್ನು ನಾವು ಈಸ್ಟರಿಗೆ ಓದುತ್ತೇವೆ. ಆದರೆ ಅದೇ ಅಧ್ಯಾಯದ 11ನೆಯ ವಚನ ಆ ಎಲುಬುಗಳೆಂದರೆ ನಮ್ಮ ನಿರೀಕ್ಷೆ ಹಾಳಾಯಿತು ಎನ್ನುತ್ತಿರುವ ಇಡೀ ಇಸ್ರಾಯೇಲ್ ವಂಶ ಎಂದು ಬಿಡಿಸಿ ಹೇಳುತ್ತದೆ; ಮೊದಲ ಅರ್ಥ ಒಂದು ಜನಾಂಗ ಮತ್ತೆ ಎದ್ದು ನಿಲ್ಲುವುದು. 1784ರಿಂದ 1799ರವರೆಗಿನ, ಟಿಪ್ಪು ಸುಲ್ತಾನನ ಕಾಲದ ಶ್ರೀರಂಗಪಟ್ಟಣದ ಸೆರೆಯ ನೆನಪನ್ನು ಹೊತ್ತಿರುವ ಕರಾವಳಿಯ ಕಥೋಲಿಕ ಮನೆತನಗಳಲ್ಲಿ ಈ ಅಧ್ಯಾಯಕ್ಕೆ ವಿವರಣೆ ಕಡಿಮೆ ಸಾಕು.

ಉತ್ತರದಿಂದ ದಾಳಿಯಿಡುವ ಗೋಗ್ ಮಾಗೋಗರ 38 ಮತ್ತು 39ರ ಬಗ್ಗೆ ಒಂದೇ ಮಾತು: ದಿನಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಡಿ. ಪೂರ್ತಿ ಓದಲೇಬೇಕೆಂಬ ಹಟವೂ ಬೇಡ. ಲೊಂಬಾರ್ಡರು ರೋಮಿನ ಮೇಲೆ ಏರಿಬರುತ್ತಿದ್ದ ದಿನಗಳಲ್ಲಿ ಈ ಗ್ರಂಥದ ಮೇಲೆ ಪ್ರಸಂಗ ಮಾಡಿದ ಪೋಪ್ ಮಹಾ ಗ್ರೆಗೊರಿಯೂ 22 ಪ್ರಸಂಗಗಳಲ್ಲಿ ಮುಟ್ಟಿದ್ದು ಮೊದಲ ಕೆಲವು ಅಧ್ಯಾಯಗಳನ್ನೂ 40ನೆಯದನ್ನೂ ಮಾತ್ರ. 1ರಿಂದ 3, 8ರಿಂದ 11, 18, 24, 33, 34, 36, 37, 43, 47 ಎಂದರೆ ಹತ್ತು ವಾರಗಳ ಸಾಮಗ್ರಿಯಾಯಿತು.

ದಾನಿಯೇಲ

ಭಾನುವಾರದ ಶಾಲೆಯಲ್ಲಿ ಸಿಂಹಗಳ ಗವಿಯ ಕಥೆ ಕೇಳಿ ಬೆಳೆದವರಿಗೆ ಇದು ಎಲ್ಲಕ್ಕಿಂತ ಸಲೀಸೆಂದು ತೋರುತ್ತದೆ: 12 ಅಧ್ಯಾಯಗಳು, ಅರ್ಧ ಕಥೆ. ದರ್ಶನಗಳಾದ ಎರಡನೆಯ ಅರ್ಧದಲ್ಲಿ ಗೋಡೆಗೆ ನಕ್ಷೆ ಅಂಟಿಸಿ ವಾರಗಳನ್ನೂ ಕೊಂಬುಗಳನ್ನೂ ಎಣಿಸುವ ಕೆಲಸ ಶುರುವಾಗಿ ಗ್ರಂಥ ಕೈಜಾರುತ್ತದೆ. ಯೆಹೂದ್ಯರ ಬೈಬಲಿನಲ್ಲಿ ಇದು ಪ್ರವಾದಿಗಳ ಸಾಲಿನಲ್ಲಿಲ್ಲ, ಬರಹಗಳೆಂಬ ಮೂರನೆಯ ಭಾಗದಲ್ಲಿದೆ. 2:4ರಿಂದ 7ನೆಯ ಅಧ್ಯಾಯದ ಕೊನೆಯವರೆಗೆ ಭಾಷೆ ಹೀಬ್ರೂ ಅಲ್ಲ, ಅರಾಮಿಕ್. ಸೆರೆಯ ಕಾಲದ ಗ್ರಂಥವೆಂಬುದು ಸಂಪ್ರದಾಯವಾದರೆ, ಈಗಿನ ರೂಪ ಬಂದದ್ದು ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನು ಯೆಹೂದ್ಯರನ್ನು ಹಿಂಸಿಸಿದ ಕ್ರಿ.ಪೂ. 167ರಿಂದ 164ರ ಸುಮಾರಿಗೆ ಎಂಬುದು ಬಹುಮಂದಿ ವಿದ್ವಾಂಸರ ಮತ. ಈ ವಾದ ಹೊಸತಲ್ಲ; ಕ್ರಿ.ಶ. ಮೂರನೆಯ ಶತಮಾನದ ತತ್ವಜ್ಞಾನಿ ಪೋರ್ಫಿರಿ ಇದನ್ನೆತ್ತಿದನು, ಜೆರೋಮನು ತನ್ನ ವ್ಯಾಖ್ಯಾನದಲ್ಲಿ ಉತ್ತರ ಕೊಟ್ಟನು.

ಕ್ರೈಸ್ತರಿಗೆ ಇದರ ತೂಕ ಒಂದು ಬಿರುದಿನಲ್ಲಿದೆ. ಮಹಾಯಾಜಕನ ಮುಂದೆ ಯೇಸು ತನ್ನನ್ನು ಕುರಿತು ಹೇಳಿಕೊಂಡ, ಮೇಘಗಳೊಂದಿಗೆ ಬರುವ ಮನುಷ್ಯಕುಮಾರನ ಮಾತು 7ನೆಯ ಅಧ್ಯಾಯದ್ದು. ಸತ್ತವರು ಎಚ್ಚೆತ್ತು ಏಳುವರೆಂದು ಹಳೆಯ ಒಡಂಬಡಿಕೆ ಇಷ್ಟು ನಿಚ್ಚಳವಾಗಿ ಹೇಳುವುದು 12:2ರಲ್ಲಿ. ಹೀಗಿದ್ದೂ ಇದನ್ನು ಮೊದಲು ಹಿಡಿಯಬೇಡಿ ಎನ್ನಲು ಕಾರಣ ಗ್ರಂಥದೊಳಗೇ ಇದೆ: 9ನೆಯ ಅಧ್ಯಾಯದಲ್ಲಿ ದಾನಿಯೇಲನು ಯೆರೆಮೀಯನ ಎಪ್ಪತ್ತು ವರ್ಷಗಳನ್ನು ಓದಿ ಕಂಗೆಟ್ಟು ಪ್ರಾರ್ಥಿಸುತ್ತಾನೆ. ಅವನು ಓದಿದ್ದನ್ನು ನಾವೂ ಓದಿ ಬಂದರೆ ಅದೇ ಅಧ್ಯಾಯದ ಕೊನೆಯ ಎಪ್ಪತ್ತು ವಾರಗಳು ಒಗಟಾಗುವ ಮೊದಲು ಪ್ರಾರ್ಥನೆಯಾಗುತ್ತವೆ. ಕಥೋಲಿಕ ಬೈಬಲಿನಲ್ಲಿ ಸುಸನ್ನಳ ಕಥೆಯೂ ಬೇಲ್ ಮತ್ತು ಘಟಸರ್ಪದ ಕಥೆಯೂ ಸೇರಿ 14 ಅಧ್ಯಾಯಗಳಿರುತ್ತವೆ. ಮಿಶ್ರ ಗುಂಪಿನವರು ಇದನ್ನು ಮೊದಲೇ ಹೇಳಿಕೊಳ್ಳುವುದು ಒಳ್ಳೆಯದು.

ಇನ್ನುಳಿದವು, ಖರ್ಚು, ವೇಳಾಪಟ್ಟಿ

ಪ್ರಲಾಪಗಳು ಐದೇ ಕವಿತೆಗಳು. ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದವು. ಅನುವಾದದಲ್ಲಿ ಆ ಕಟ್ಟು ಕಾಣದಿದ್ದರೂ, ಗೋಳನ್ನು ಅ ಯಿಂದ ಳ ವರೆಗೆ ಹೇಳಿ ತೀರಿಸುವ ಯತ್ನ ಅದೆಂದು ತಿಳಿದಿದ್ದರೆ ಸಾಕು. ಕಷ್ಟವಾರದ ಐದು ಸಂಜೆಗಳಿಗೆ ಇದಕ್ಕಿಂತ ಒಳ್ಳೆಯ ಓದಿಲ್ಲ. ಯಾವ ಗ್ರಂಥವನ್ನು ಆರಿಸಿದರೂ ಇದನ್ನು ಜೊತೆಗಿಟ್ಟುಕೊಳ್ಳಬಹುದು. ಓಬದ್ಯ 21 ವಚನ. ನೆರೆಯವನ ನಾಶ ಕಂಡು ಹಿಗ್ಗಿದ ಎದೋಮನ ಮೇಲಿನ ಸಿಟ್ಟು. ಒಂದು ಸಂಜೆ ಸಾಕು. ಹಗ್ಗಾಯ, ಜೆಕರ್ಯರು ಮರಳಿ ಬಂದವರ ಪ್ರವಾದಿಗಳು; ಅವರನ್ನು ಇನ್ನೊಂದು ವರ್ಷಕ್ಕೆ ಬಿಡಿ.

ಖರ್ಚಿನ ವಿಷಯ ಹೆಚ್ಚಿಲ್ಲ. ಕೈಯಲ್ಲಿರುವ ಸತ್ಯವೇದದ ಜೊತೆ ಬೇರೆ ಅನುವಾದದ ಇನ್ನೊಂದು ಪ್ರತಿ ಇರಲಿ. ಒಂದರಲ್ಲಿ ‘ಯೆಹೋವ’ ಎಂದಿರುವ ಕಡೆ ಇನ್ನೊಂದರಲ್ಲಿ ‘ಸರ್ವೇಶ್ವರ’ ಎಂದಿರುವುದೇ ಒಂದು ಚರ್ಚೆಗೆ ದಾರಿಯಾಗುತ್ತದೆ. ವಿಸ್ತಾರವಾದ ವ್ಯಾಖ್ಯಾನಗಳು ಬಹುಮಟ್ಟಿಗೆ ಇಂಗ್ಲಿಷಿನವು ಮತ್ತು ದುಬಾರಿಯವು. ಗುಂಪಿನಲ್ಲಿ ಒಬ್ಬರು ಇಂಗ್ಲಿಷ್ ಓದಬಲ್ಲವರಾದರೆ ಆರಿಸಿದ ಗ್ರಂಥಕ್ಕೆ ಒಂದೇ ಒಂದು ವ್ಯಾಖ್ಯಾನ ಕೊಳ್ಳಿ, ಸರಣಿ ಬೇಡ. ಹಣವೇ ಇಲ್ಲದಿದ್ದರೆ ಯೆಶಾಯ 40ರಿಂದ 55 ಅಥವಾ ಯೆರೆಮೀಯನನ್ನು ಆರಿಸಿ. ಅರಸುಗಳ ಗ್ರಂಥವೂ ಸುವಾರ್ತೆಗಳೂ ಅವಕ್ಕೆ ಅರೆಪಾಲು ವ್ಯಾಖ್ಯಾನವಾಗಿ ನಿಲ್ಲುತ್ತವೆ. ವ್ಯಾಖ್ಯಾನವಿಲ್ಲದೆ ಕೈಹಾಕಬಾರದ್ದು ಯೆಹೆಜ್ಕೇಲನಿಗೂ ದಾನಿಯೇಲನ ಎರಡನೆಯ ಅರ್ಧಕ್ಕೂ.

ಇನ್ನು ಯಾರಿಗೆ ಯಾವುದು. ಎರಡು ತಿಂಗಳಷ್ಟೇ ಇರುವ, ಹೊಸಬರೇ ಹೆಚ್ಚಿರುವ ಗುಂಪಿಗೆ ಯೆಶಾಯ. ನಷ್ಟ, ವಲಸೆ, ಸಭೆಯೊಳಗಿನ ಒಡಕು ಇವುಗಳಿಂದ ಬಳಲಿದ, ಆದರೆ ಆರು ತಿಂಗಳು ಕೂತು ಓದುವ ಮನಸ್ಸಿರುವ ಗುಂಪಿಗೆ ಯೆರೆಮೀಯ. ಒಂದನ್ನೇ ಹೇಳೆಂದರೆ ನನ್ನ ಮತವೂ ಅವನಿಗೇ, ಯಾಕೆಂದರೆ ಉಳಿದ ಮೂವರ ಬಾಗಿಲೂ ಅವನ ಅಂಗಳಕ್ಕೆ ತೆರೆಯುತ್ತದೆ. ಆರಾಧನೆ, ಬಲಿಪೀಠ, ಪವಿತ್ರತೆ ಎಂಬ ಮಾತುಗಳು ನಿತ್ಯದ್ದಾಗಿರುವ ಯಾಜಕರಿಗೂ ದೈವಶಾಸ್ತ್ರದ ವಿದ್ಯಾರ್ಥಿಗಳಿಗೂ ಯೆಹೆಜ್ಕೇಲ. ದಾನಿಯೇಲನೇ ಬೇಕೆನ್ನುವ ಯುವಕರಿಗೆ ಬೇಡವೆನ್ನಬೇಡಿ. ಯೆರೆಮೀಯ 25 ಮತ್ತು 29ನ್ನು ಎರಡು ವಾರ ಓದಿಸಿ ಆಮೇಲೆ ಕೊಡಿ.

ಯಾವುದನ್ನು ಆರಿಸಿದರೂ ಮೊದಲ ಸಂಜೆ ಅರಸುಗಳ ಎರಡನೆಯ ಗ್ರಂಥದ 24 ಮತ್ತು 25ನೆಯ ಅಧ್ಯಾಯಗಳನ್ನು ನಿಧಾನವಾಗಿ, ಗಟ್ಟಿಯಾಗಿ, ವಿವರಣೆಯಿಲ್ಲದೆ ಓದಿ. ಮೂವತ್ತೇಳು ವರ್ಷಗಳ ಸೆರೆಯ ಮೇಲೆ ಯೆಹೋಯಾಖೀನನು ಸೆರೆಮನೆಯ ಬಟ್ಟೆ ಕಳಚಿ ಬಾಬೆಲಿನ ಅರಸನ ಪಂಕ್ತಿಯಲ್ಲಿ ಊಟಕ್ಕೆ ಕೂರುವಲ್ಲಿ ಓದು ನಿಲ್ಲುತ್ತದೆ. ಇದು ಬಿಡುಗಡೆಯೋ, ಇನ್ನೂ ಸೆರೆಯೋ ಎಂದು ಗುಂಪನ್ನು ಕೇಳಿ, ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆರಿಸಿದ ಗ್ರಂಥ ಮುಗಿದ ದಿನ ಅದೇ ಹಾಳೆಯನ್ನು ಹೊರಗೆ ತೆಗೆಯಬಹುದು.